ಅಂಗಡಿಯ ಇಂಗ್ಲಿಷಿಗೆ ಮೊದಲು ಕಿವಿ

ಕುಂಬಳೆಯ ಪೇಟೆಗೆ ತಾಯಿಯೊಂದಿಗೆ ಬರುವ ಕನ್ನಡ ಮಾಧ್ಯಮದ ಆರನೆಯ ತರಗತಿಯ ಹುಡುಗಿ ಮೀನು ಮಾರುವವಳಲ್ಲಿ ‘ಏತ್?’ ಎಂದು ತುಳುವಿನಲ್ಲಿ ಕೇಳುತ್ತಾಳೆ, ಬಟ್ಟೆಯಂಗಡಿಯಲ್ಲಿ ‘ಎತ್ರ?’ ಎಂದು ಮಲಯಾಳದಲ್ಲಿ. ಪರಿಚಯದ ದಿನಸಿ ಅಂಗಡಿಯಲ್ಲಿ ‘ಎಷ್ಟು?’ ಎಂದು ಕನ್ನಡದಲ್ಲಿ. ಚೌಕಾಸಿ ಮಾಡುವಷ್ಟು ತುಳು, ಮಲಯಾಳ ಅವಳಿಗೆ ಪುಸ್ತಕದಿಂದ ಬಂದುದಲ್ಲ. ಸಂತೆಯಲ್ಲಿ, ಬಸ್ಸಿನಲ್ಲಿ, ನೆರೆಮನೆಯಲ್ಲಿ ಕೇಳಿ ಕೇಳಿ ಬಂದುದು.

ಅದೇ ಹುಡುಗಿಗೆ ಇಂಗ್ಲಿಷ್ ತರಗತಿಯಲ್ಲಿ ಗಿರಾಕಿ ಮತ್ತು ಅಂಗಡಿಯವನ ನಡುವಣ ಸಂಭಾಷಣೆಯ ಧ್ವನಿಮುದ್ರಣ ಕೇಳಿಸಿದರೆ ತಬ್ಬಿಬ್ಬಾಗುತ್ತಾಳೆ. ಅದನ್ನೇ ಅಚ್ಚಿನಲ್ಲಿ ತೋರಿಸಿದರೆ ತಡೆಯಿಲ್ಲದೆ ಓದುತ್ತಾಳೆ. ಪದಗಳ ಪರಿಚಯ ಕಣ್ಣಿಗಿದೆ, ಕಿವಿಗಿಲ್ಲ. ‘ಹೌ ಮಚ್ ಈಸ್ ಇಟ್’ ಎಂಬ ನಾಲ್ಕು ಪದಗಳು ಮಾತಿನ ವೇಗದಲ್ಲಿ ‘ಹೌಮಚಿಝಿಟ್’ ಎಂದು ಒಂದೇ ಉಸಿರಾಗಿ ಬಂದಾಗ ಅವಳಿಗೆ ಅದು ಅಪರಿಚಿತ ಶಬ್ದ.

ಇದನ್ನು ಕಂಡ ಹೆತ್ತವರು ಶಾಲೆಯ ಮಾಧ್ಯಮವನ್ನೇ ದೂರಿ, ಮುಂದಿನ ವರ್ಷ ಬೇರೆ ಶಾಲೆಗೆ ಸೇರಿಸುವ ಯೋಚನೆಗೆ ಬೀಳುವುದುಂಟು. ಆದರೆ ಗಟ್ಟಿಯಾಗಿ ಓದಿಸಿ, ನೋಡಿ ಬರೆಯಿಸುವುದಷ್ಟೇ ಪಾಠವಾದಲ್ಲಿ ಇಂಗ್ಲಿಷ್ ಮಾಧ್ಯಮದ ಮಗುವಿನ ಕಿವಿಯೂ ಮುಚ್ಚಿಯೇ ಇರುತ್ತದೆ. ಕೊರತೆ ಇರುವುದು ಕೇಳುವ ಅಭ್ಯಾಸದಲ್ಲಿ. ಮನೆಮಾತು ಅದಕ್ಕೆ ಅಡ್ಡಿಯಲ್ಲ. ಎಲ್ಲಿ ಎಡವುತ್ತೇವೆಂದು ತೋರಿಸುವ ಕನ್ನಡಿಯೂ ಅದೇ.

‘ಎಷ್ಟು’ ಎಂಬ ಪದವನ್ನೇ ನೋಡಬಹುದು. ಹಣಕ್ಕೂ ಎಣಿಕೆಗೂ ಅಳತೆಗೂ ಕನ್ನಡದಲ್ಲಿ ಅದೊಂದೇ ಸಾಕು. ತುಳುವಿನ ‘ಏತ್’, ಮಲಯಾಳದ ‘ಎತ್ರ’ ಕೂಡ ಹಾಗೆಯೇ. ಇಂಗ್ಲಿಷಿನಲ್ಲಿ ಮಾತ್ರ ಎಣಿಸುವುದಕ್ಕೆ ‘ಹೌ ಮೆನಿ’, ಅಳೆಯುವುದಕ್ಕೂ ಬೆಲೆಗೂ ‘ಹೌ ಮಚ್’. ಮೂರು ಭಾಷೆ ಬಲ್ಲ ಮಗುವಿಗೂ ಈ ಭೇದ ಹೊಸದು. ಬಾಳೆಹಣ್ಣಿನ ಮುಂದೆ ನಿಂತಾಗ ‘ಹೌ ಮೆನಿ?’ ಎಂಬ ಪ್ರಶ್ನೆ ಬಂದರೆ, ಕೇಳಿದ್ದು ಹಣ್ಣಿನ ಸಂಖ್ಯೆಯೋ ಹಣವೋ ಎಂದು ತೋಚದೆ ಅದು ಸುಮ್ಮನಾಗುತ್ತದೆ.

ಮರ್ಯಾದೆಯ ವಿಷಯ ಇನ್ನೂ ಸೂಕ್ಷ್ಮ. ‘ಒಂದು ಕಿಲೋ ಅಕ್ಕಿ ಕೊಡಿ’ ಎಂಬಲ್ಲಿ ಗೌರವವೆಲ್ಲ ‘ಕೊಡಿ’ಯ ಕೊನೆಯ ಸ್ವರದಲ್ಲಿದೆ. ಅದನ್ನು ಪದಕ್ಕೆ ಪದವಿಟ್ಟು ‘ಗಿವ್ ಮಿ ಒನ್ ಕಿಲೋ ರೈಸ್’ ಎಂದರೆ ‘ಕೊಡು’ವಿಗೂ ‘ಕೊಡಿ’ಗೂ ವ್ಯತ್ಯಾಸ ಉಳಿಯುವುದಿಲ್ಲ, ಅಪ್ಪಣೆಯಂತೆ ಕೇಳಿಸುತ್ತದೆ. ‘ಕ್ಯಾನ್ ಐ ಹ್ಯಾವ್ ಎ ಕಿಲೋ ಆಫ್ ರೈಸ್, ಪ್ಲೀಸ್?’ ಎಂದಾಗಲೇ ಕನ್ನಡದ ಆ ವಿನಯ ದಾಟಿ ಬರುವುದು. ಮನೆಯಲ್ಲಿ ಹಿರಿಯರೊಡನೆ ತಗ್ಗಿ ಮಾತನಾಡುವ ಮಗು ಇಂಗ್ಲಿಷಿನಲ್ಲಿ ಒರಟಾಗಿ ಕಾಣಿಸಿಕೊಳ್ಳುವುದು ಅದರ ತಪ್ಪಿನಿಂದಲ್ಲ.

ಇನ್ನು ಸಂಖ್ಯೆಗಳು. ಹದಿಮೂರನ್ನು ಮೂವತ್ತೆಂದು ಕನ್ನಡದಲ್ಲಿ ಯಾರೂ ತಪ್ಪಾಗಿ ಕೇಳಿಸಿಕೊಳ್ಳಲಾರರು. ‘ಥರ್ಟೀನ್’, ‘ಥರ್ಟಿ’ಗಳ ಕಥೆ ಬೇರೆ. ಮೊದಲನೆಯದರಲ್ಲಿ ಒತ್ತು ಸಾಮಾನ್ಯವಾಗಿ ಕೊನೆಯ ಭಾಗಕ್ಕೆ, ಎರಡನೆಯದರಲ್ಲಿ ಆರಂಭಕ್ಕೆ. ಕಡೆಯ ‘ನ್’ ಒಂದನ್ನೇ ನಂಬಿದರೆ ಗದ್ದಲದ ಅಂಗಡಿಯಲ್ಲಿ ಮೋಸಹೋಗಬೇಕಾಗುತ್ತದೆ. ನಾಳೆ ದುಬೈಯಲ್ಲಿ ದುಡಿಯಹೋಗುವ ಕಾಸರಗೋಡಿನ ಹುಡುಗನಿಗೆ ಇದು ಕಿಸೆಯ ಪ್ರಶ್ನೆ. (ಅಲ್ಲಿ ಎಷ್ಟೋ ಅಂಗಡಿಗಳಲ್ಲಿ ಮಲಯಾಳವೇ ನಡೆದೀತು ಎಂಬುದೂ ನಿಜ.)

ಧ್ವನಿಮುದ್ರಣವನ್ನು ಆಯ್ದುಕೊಳ್ಳುವಾಗ ಎಚ್ಚರ ಬೇಕು. ನಮ್ಮ ‘ಬ್ರಿಂಜಾಲ್’ ಇಂಗ್ಲೆಂಡಿನಲ್ಲಿ ‘ಓಬರ್ಜೀನ್’, ಅಮೆರಿಕದಲ್ಲಿ ‘ಎಗ್‌ಪ್ಲಾಂಟ್’. ಬದನೆಕಾಯಿಯೇ ಗುರುತು ಸಿಗದಿದ್ದರೆ ಮಗು ಮುಂದಿನ ಮಾತನ್ನು ಕೇಳಿಸಿಕೊಳ್ಳುವುದಿಲ್ಲ. ಮೊದಲು ಭಾರತೀಯರ ಉಚ್ಚಾರದ ಸಂಭಾಷಣೆ, ಆಮೇಲೆ ಬೇರೆಯದು. ಒಂದೇ ಸಂಭಾಷಣೆಯನ್ನು ಮೂರು ಬಾರಿ ಕೇಳಿಸಬೇಕು: ಒಮ್ಮೆ ಏನೇನು ಕೊಂಡರೆಂದು ತಿಳಿಯಲು, ಮತ್ತೊಮ್ಮೆ ಬೆಲೆಗಾಗಿ, ಮೂರನೆಯ ಬಾರಿಗೆ ಮಾತ್ರ ಪುಸ್ತಕ ತೆರೆದು. ಮೊದಲೇ ಪುಸ್ತಕ ತೆರೆದರೆ ಕಿವಿಯ ಕೆಲಸವನ್ನು ಕಣ್ಣು ಮಾಡಿಬಿಡುತ್ತದೆ.

ಇಂಗ್ಲಿಷ್ ಬಾರದ ತಾಯಿಯೂ ಇದರಲ್ಲಿ ಪರೀಕ್ಷಕಿಯಾಗಬಹುದು. ಅಡುಗೆಮನೆಯ ತೆಂಗಿನಕಾಯಿ, ಈರುಳ್ಳಿ, ಸಾಬೂನು, ಬೆಂಕಿಪೆಟ್ಟಿಗೆಗಳನ್ನು ಜೋಡಿಸಿ, 13, 30, 15, 50 ಎಂದು ಬರೆದ ಚೀಟಿಗಳನ್ನು ತಂಗಿಗೆ ಕಾಣದಂತೆ ಅಂಗಡಿಯವನಾದ ಅಣ್ಣನ ಕೈಗೆ ಕೊಟ್ಟರಾಯಿತು. ಅವನು ಬೆನ್ನು ತಿರುಗಿಸಿ ಕುಳಿತು ಬೆಲೆ ಹೇಳಬೇಕು, ತುಟಿ ಕಾಣಬಾರದು. ತಂಗಿ ಕೇಳಿಸಿಕೊಂಡಷ್ಟು ಹಣವನ್ನು ತಾಯಿಯ ಮುಂದಿಡಬೇಕು. ಚೀಟಿಯನ್ನೂ ನಾಣ್ಯಗಳನ್ನೂ ಹೋಲಿಸಿದರೆ ಸರಿತಪ್ಪು ತಾನೇ ತಿಳಿಯುತ್ತದೆ. ವಾಕ್ಯದ ನಡುವೆ ತಡೆದು ತಿದ್ದಬಾರದು. ನಡುವೆ ಬೈಗುಳ ತಿಂದ ಮಗು ಮತ್ತೆ ಬಾಯಿ ತೆರೆಯುವುದಿಲ್ಲ.

ಮರುದಿನ ತಂಗಿಯೇ ಅಂಗಡಿಯವಳು. ಅಣ್ಣ ‘ದಟ್ಸ್ ಆಲ್, ಥ್ಯಾಂಕ್ ಯೂ’ ಎಂದು ಚೀಲ ಎತ್ತುವವರೆಗೂ ಅವಳು ‘ಎನಿಥಿಂಗ್ ಎಲ್ಸ್?’ ಎಂದು ಕೇಳುತ್ತಲೇ ಇರಬೇಕು.