ಎರೆಸೀಮೆಯ ವ್ಯಾನು, ಅದರ ಹಿಂದಿನ ಕೊಂಡಿ

ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ನವಲಗುಂದ ದಾಟಿದ ಮೇಲೆ ಕಣ್ಣಿಗೆ ಅಡ್ಡ ಬರುವಂಥದ್ದು ಏನೂ ಇಲ್ಲ. ಎರಡೂ ಮಗ್ಗುಲಿಗೆ ಎರೆಹೊಲ. ಹಿಂಗಾರಿ ಕೈಹಿಡಿದಿದ್ದರೆ ಕಡ್ಲಿ, ಬಿಳಿಜೋಳ, ಗೋಧಿ, ಬದುವಿಗುಂಟ ಕುಸುಬಿ. ದೂರದಲ್ಲಿ ನರಗುಂದದ ಗುಡ್ಡ ಒಂದೇ ಎದ್ದು ನಿಂತಿರುತ್ತದೆ. ಆ ರಸ್ತೆಯಲ್ಲಿ ಲಾರಿ, ಸಾರಿಗೆ ಬಸ್ಸು, ಹಾಡು ಹಚ್ಚಿಕೊಂಡು ನಡುರಸ್ತೆಯಲ್ಲೇ ಸಾಗುವ ಟ್ರ್ಯಾಕ್ಟರು. ಇವುಗಳ ಸಂದಿಯಲ್ಲಿ ಒಂದು ಬಿಳಿ ಮಾರುತಿ ವ್ಯಾನು ನುಸುಳಿಕೊಂಡು ಬರುತ್ತದೆ. ಕೆಎ 26ರ ನಂಬರು, ಅಂದರೆ ಗದಗ ಜಿಲ್ಲೆಯದು. ತಲೆಯ ಮೇಲಿನ ಕ್ಯಾರಿಯರಿನಲ್ಲಿ ಎರಡು ಚೀಲ, ಮಡಚಿದ ಒಂದು ಹೊರಸು. ಹಿಂದಿನ ಬಾಗಿಲು ಪೂರ್ತಿ ಮುಚ್ಚಿಲ್ಲ, ಹಗ್ಗ ಹಾಕಿ ಬಿಗಿದಿದ್ದಾರೆ. ಒಳಗೆ ಎಷ್ಟು ಮಂದಿ ಇದ್ದಾರೆಂದು ಎಣಿಸುವುದು ಬೇಡ, ಪೊಲೀಸರೇ ಎಣಿಸುವುದನ್ನು ಬಿಟ್ಟಿದ್ದಾರೆ.

ನರಗುಂದ, ರೋಣ, ಗಜೇಂದ್ರಗಡ ಗದಗ ಜಿಲ್ಲೆಯ ಮೂರು ತಾಲ್ಲೂಕುಗಳು. ಗಜೇಂದ್ರಗಡ ಮೊನ್ನೆಮೊನ್ನೆಯವರೆಗೂ ರೋಣದ ಹೊಟ್ಟೆಯೊಳಗೇ ಇತ್ತು. ನರಗುಂದಕ್ಕೂ ಗಜೇಂದ್ರಗಡಕ್ಕೂ ರೈಲು ಇಲ್ಲ. ರೋಣದವರಿಗೆ ಮಲ್ಲಾಪುರ, ಹೊಳೆಆಲೂರಿನ ಸ್ಟೇಶನ್ನುಗಳೇ ಗತಿ. ಬಸ್ಸು ಮುಖ್ಯ ರಸ್ತೆಯ ಊರುಗಳನ್ನು ಮುಟ್ಟಿ ಹೋಗುತ್ತದೆ. ಒಳಗಿನ ಹಳ್ಳಿಯಿಂದ ರಾತ್ರಿ ಹನ್ನೊಂದಕ್ಕೆ ಹೆರಿಗೆಬ್ಯಾನಿ ಬಂದವಳನ್ನು ಗದಗಿಗೆ ಮುಟ್ಟಿಸಬೇಕು, ಹಾವು ಕಡಿದವನನ್ನು ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಗೆ ಒಯ್ಯಬೇಕು ಎಂದಾಗ ಊರವರಿಗೆ ನೆನಪಾಗುವುದು ಓಣಿಯ ತುದಿಗೆ ನಿಂತ ಆ ವ್ಯಾನೇ.

ಮಾರುತಿ ವ್ಯಾನು ರಸ್ತೆಗೆ ಬಂದದ್ದು 1984ರಲ್ಲಿ. ಮಾರುತಿ 800ಕ್ಕೆ ಇದ್ದ 796 ಸಿಸಿಯ, ಮೂರು ಸಿಲಿಂಡರಿನ ಎಂಜಿನ್ನೇ ಇದಕ್ಕೂ. ಮುಂದೆ 1988ರಲ್ಲಿ ಓಮ್ನಿ ಎಂದು ಹೆಸರಿಟ್ಟರು. ಹಳ್ಳಿಯವರು ಆ ಹೆಸರನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ, ‘ಮಾರುತಿ ವ್ಯಾನ್’ ಎಂದೇ ಕರೆದರು. ಅಪಘಾತ ಸುರಕ್ಷತೆಯ ಹೊಸ ನಿಯಮಗಳಿಗೆ ಅದರ ಚಪ್ಪಟೆ ಮೂತಿ ಹೊಂದಲಿಲ್ಲ, 2019ರಲ್ಲಿ ತಯಾರಿಕೆ ನಿಂತಿತು. ಡ್ರೈವರನ ಮೊಣಕಾಲಿಗೂ ಎದುರಿನ ಲಾರಿಗೂ ನಡುವೆ ಒಂದು ತಗಡು ಬಿಟ್ಟರೆ ಬೇರೇನೂ ಇಲ್ಲದ ಗಾಡಿ ಅದು. ನಿಂತದ್ದು ಒಳ್ಳೆಯದೇ ಆಯಿತು ಎನ್ನಬೇಕು. ಅಷ್ಟರಲ್ಲಿ, 2010ರಲ್ಲೇ, ಈಕೋ ಬಂದಿತ್ತು. ಸಿನಿಮಾದವರು ಮಾತ್ರ ಹುಡುಗಿಯನ್ನು ಅಪಹರಿಸಬೇಕೆಂದರೆ ಇಂದಿಗೂ ಹಳೆಯ ಓಮ್ನಿಯನ್ನೇ ತರಿಸುತ್ತಾರೆ. ಸರಿಯುವ ಬಾಗಿಲು ಸಂಸಾರಸ್ಥರಿಗೆ ಎಷ್ಟು ಅನುಕೂಲವೋ ಖಳನಾಯಕರಿಗೂ ಅಷ್ಟೇ.

ಈ ಸೀಮೆಯಲ್ಲಿ ವ್ಯಾನು ಕೊಂಡವನು ಮೊದಲು ಮಾಡುವ ಕೆಲಸ ನಡುವಿನ ಸೀಟು ಬಿಚ್ಚುವುದು. ಬಿಚ್ಚಿದ ಸೀಟು ಪಡಸಾಲೆಗೆ ಹೋಗಿ ಬೀಗರಿಗೆ ಆಸನವಾಗುತ್ತದೆ. ಖಾಲಿಯಾದ ಜಾಗಕ್ಕೆ ಬೆಳಿಗ್ಗೆ ಹಾಲಿನ ಕ್ಯಾನು, ಹತ್ತು ಗಂಟೆಗೆ ಶಾಲೆಯ ಮಕ್ಕಳು, ಮಧ್ಯಾಹ್ನ ಸುಟ್ಟ ಪಂಪಿನ ಮೋಟಾರು, ಸಂಜೆಗೆ ಮೆಣಸಿನಕಾಯಿ ಚೀಲ. ಗಜೇಂದ್ರಗಡದಲ್ಲಾದರೆ ಸೀರೆಯ ಗಂಟು. ಅಲ್ಲಿ ಮಗ್ಗದ ಸದ್ದು ಇನ್ನೂ ಪೂರ್ತಿ ನಿಂತಿಲ್ಲ, ಪಟ್ಟೇದ ಅಂಚಿನ ಸೀರೆಗೆ ಈಚೆಗೆ ಮತ್ತೆ ಗಿರಾಕಿಗಳು ಹುಟ್ಟಿದ್ದಾರೆ. ಚುನಾವಣೆ ಬಂದರೆ ಮೇಲೆ ಎರಡು ಲೌಡ್‌ಸ್ಪೀಕರು.

ಎಂಜಿನ್ನು ಮುಂದಿನ ಸೀಟಿನ ಕೆಳಗಿದೆ. ಏಪ್ರಿಲ್ ತಿಂಗಳಲ್ಲಿ ಮುಂದೆ ಕೂತ ಹಿರಿಯರು ಒಂದು ಹತ್ತು ಮೈಲಿಯೊಳಗೆ ಕೇಳಿಯೇ ಕೇಳುತ್ತಾರೆ: “ತಮ್ಮಾ, ಸೀಟಿನ ಕೆಳಗ ಒಲಿ ಹಚ್ಚೀಯೇನೋ?” ಆದರೆ ಗಾಡಿ ಕೆಟ್ಟು ನಿಂತಾಗ ಅದೇ ಅನುಕೂಲ. ಸೀಟು ಎತ್ತಿದರೆ ಎಂಜಿನ್ನು ಕಣ್ಣೆದುರು. ಹಳೆಯ ಕಾರ್ಬ್ಯುರೇಟರಿನ ಓಮ್ನಿಯನ್ನು ಅಬ್ಬಿಗೇರಿಯ ಬೇವಿನ ಗಿಡದ ಕೆಳಗೇ ಬಿಚ್ಚಿ, ಊದಿ, ಕೂಡಿಸಿ ಕಳಿಸಬಲ್ಲ ಮೆಕ್ಯಾನಿಕ್ಕುಗಳು ಇದ್ದಾರೆ. ಹಿಂದೆ ಪಾಟಾ, ಅಂದರೆ ಕಮಾನು ಪಟ್ಟಿ. ಹೊರೆ ಹೆಚ್ಚಾಗುತ್ತದೆ ಎನಿಸಿದರೆ ಇನ್ನೊಂದು ಪಾಟಾ ಸೇರಿಸುವುದು ಇಲ್ಲಿನ ರೂಢಿ. ಸೇರಿಸಿದ ಮೇಲೆ ಖಾಲಿ ಗಾಡಿಯಲ್ಲಿ ಕೂತವರ ನಡು ಉಳಿಯುವುದಿಲ್ಲ, ಅದು ಬೇರೆ ಮಾತು. ಈಕೋದಲ್ಲಿ ಹಿಂದೆ ಸುರುಳಿ ಸ್ಪ್ರಿಂಗು. ಅಲ್ಲಿ ಈ ಆಟ ನಡೆಯುವುದಿಲ್ಲ.

ವ್ಯಾನಿನ ನಿಜವಾದ ವೈರಿ ನೆಲ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಕೈ ಹೋಗುವಷ್ಟು ಬಿರಿಯುತ್ತದೆ. ಅದರ ಮೇಲೆ ಹಾಸಿದ ಡಾಂಬರು ನೆಲದ ಜೊತೆಗೇ ಏಳುತ್ತ ಬೀಳುತ್ತ ಕೆಲವೇ ವರ್ಷಗಳಲ್ಲಿ ತೆರೆತೆರೆಯಾಗುತ್ತದೆ. ಓಮ್ನಿಯ ಗಾಲಿ ಹನ್ನೆರಡು ಇಂಚಿನದು. ಮುಂಗಾರಿನ ಮೊದಲ ದೊಡ್ಡ ಮಳೆಗೆ ಹೊಲದ ದಾರಿ ಹಿಡಿದರೆ ಗಾಲಿಗೆ ಎರೆ ಸುತ್ತಿಕೊಂಡು ಮಡ್‌ಗಾರ್ಡಿಗೆ ತುಂಬಿ ಗಾಡಿ ಅಲ್ಲೇ ಕೂರುತ್ತದೆ. ಆಗ ಮುಂದಿನ ಬಂಪರಿನ ಕೆಳಗಿರುವ ಕೊಕ್ಕೆಗೆ ಹಗ್ಗ ಹಾಕಿ ಎತ್ತಿನಿಂದಲೋ ಟ್ರ್ಯಾಕ್ಟರಿನಿಂದಲೋ ಜಗ್ಗಿಸಬೇಕು. ಕಂಪನಿಯವರು ಕೊಟ್ಟ ಕೊಕ್ಕೆ ಅದಕ್ಕೆಂದೇ ಇರುವುದು, ಜಗ್ಗಿಸಿಕೊಳ್ಳುವುದಕ್ಕೆ. ಜಗ್ಗುವುದಕ್ಕೆ ಅವರು ಏನನ್ನೂ ಕೊಟ್ಟಿಲ್ಲ. ತಕರಾರು ಶುರುವಾಗುವುದು ಅಲ್ಲಿಂದ.

ನರಗುಂದ, ರೋಣ, ಗಜೇಂದ್ರಗಡ, ಈ ಮೂರೂ ಊರುಗಳ ಹೊರವಲಯದಲ್ಲಿ ವೆಲ್ಡಿಂಗ್ ಅಂಗಡಿಗಳ ಸಾಲು ಇದೆ. ಮುಂದೆ ರಂಟಿ, ಕುಂಟಿ, ಕೂರಿಗಿ, ಕಲ್ಟಿವೇಟರು, ಗಾಲಿ ಇಲ್ಲದೆ ಕಲ್ಲಿನ ಮೇಲೆ ಕೂತ ಟ್ರೇಲರು. ಕರೆಂಟು ಇದ್ದಷ್ಟು ಹೊತ್ತು ನೀಲಿ ಬೆಳಕು, ಇಲ್ಲದಾಗ ಚಹಾ. ಅಂಥ ಅಂಗಡಿಗೆ ಶಾಮಿಯಾನ-ಸೌಂಡ್ ಸಿಸ್ಟಮ್ಮಿನ ಹುಡುಗನೊಬ್ಬ ವ್ಯಾನು ತಂದು ನಿಲ್ಲಿಸುತ್ತಾನೆ.

“ಅಣ್ಣಾರ, ಹಿಂದೊಂದು ಹುಕ್ಕ ಹಚ್ಚಿ ಕೊಡ್ರಿ. ಜನರೇಟರ್ ಗಾಡಿ ಜಗ್ಗಬೇಕು.”

“ಹಚ್ಚೂದೇನ್ ದೊಡ್ಡ ಮಾತಲ್ಲೋ ತಮ್ಮಾ. ಎಲ್ಲಿ ಹಚ್ಚೂದು ಹೇಳು. ಬಂಪರಿಗೆ ಹಚ್ಚಿದ್ರ ನೀ ಮುಂದ ಹೊಕ್ಕಿ, ಬಂಪರ್ ಜನರೇಟರ್ ಕೂಡ ಹಿಂದ ಉಳಿತೈತಿ.”

ಆ ಮಿಸ್ತ್ರಿ ಕಾಲೇಜು ಕಂಡವನಲ್ಲ, ಆದರೆ ಅವನ ಮಾತಿನಲ್ಲಿ ಇಡೀ ಶಾಸ್ತ್ರವಿದೆ. ಲಾರಿಗೆ, ಟ್ರ್ಯಾಕ್ಟರಿಗೆ ಇರುವಂಥ ದಪ್ಪ ಚಾಸಿ ವ್ಯಾನಿಗೆ ಇಲ್ಲ. ತಗಡನ್ನೇ ಮಡಚಿ ಪೆಟ್ಟಿಗೆಯ ಹಾಗೆ ಮಾಡಿದ ಎರಡು ಉದ್ದ ಪಟ್ಟಿಗಳು ಮೈಗೆ ಅಂಟಿಕೊಂಡಿವೆ. ಅವುಗಳಿಗೆ ಕೊಂಡಿಯನ್ನು ನೇರವಾಗಿ ವೆಲ್ಡ್ ಮಾಡಿದರೆ ಕಾವು ತಿಂದ ಅಂಚಿನಲ್ಲೇ ತುಕ್ಕು ಹುಟ್ಟುತ್ತದೆ, ಒಂದು ದಿನ ಅಲ್ಲಿಂದಲೇ ಹರಿಯುತ್ತದೆ. ಬಲ್ಲವನು ಪಟ್ಟಿಯ ಎರಡೂ ಬದಿಗೆ ದಪ್ಪ ತಗಡು ಕೊಟ್ಟು, ನಡುವೆ ತೂತು ಹೊಡೆದು, ತಲೆಯ ಮೇಲೆ 8.8 ಎಂದು ಒತ್ತಿರುವ ಗಟ್ಟಿ ಬೋಲ್ಟು ಹಾಕಿ ಬಿಗಿಯುತ್ತಾನೆ. ಕಿಡಿ ಹಾರಿಸುವ ಮೊದಲು ಬ್ಯಾಟರಿಯ ತಂತಿ ಕಳಚುತ್ತಾನೆ, ಇಲ್ಲದಿದ್ದರೆ ಈಕೋದಂಥ ಗಾಡಿಯ ಕಂಪ್ಯೂಟರು ಸುಡುವ ಭಯ. ಪೆಟ್ರೋಲ್ ಟ್ಯಾಂಕು ಎಲ್ಲಿದೆ, ಗ್ಯಾಸ್ ಸಿಲಿಂಡರು ಇದೆಯೇ ಎಂದು ಬಗ್ಗಿ ನೋಡುತ್ತಾನೆ. ಮನೆಯ ಅಡುಗೆ ಸಿಲಿಂಡರನ್ನು ಹಿಂದೆ ಮಲಗಿಸಿಕೊಂಡು ಬರುವ ವ್ಯಾನುಗಳು ಇನ್ನೂ ಇರುವುದರಿಂದ ಈ ಬಗ್ಗಿ ನೋಡುವ ಕೆಲಸ ತಪ್ಪಿಸುವಂಥದ್ದಲ್ಲ.

ಇನ್ನು ಎತ್ತರದ ಲೆಕ್ಕ. ಇಲ್ಲಿಯ ಟ್ರೇಲರುಗಳ ಮೂತಿಯಲ್ಲಿ ಉಕ್ಕಿನ ಬಳೆ. ಟ್ರ್ಯಾಕ್ಟರಿನ ಹಿಂದಿನ ಕೊಂಡಿಯಲ್ಲಿ ಆ ಬಳೆಯನ್ನಿಟ್ಟು ಮೇಲಿಂದ ಪಿನ್ನು ಇಳಿಸಿದರೆ ಕೆಲಸ ಮುಗಿಯಿತು. ವ್ಯಾನಿನ ಹಿಂಭಾಗ ಟ್ರ್ಯಾಕ್ಟರಿನಷ್ಟು ಎತ್ತರವಿಲ್ಲ. ಅದೇ ಟ್ರೇಲರನ್ನು ಕಟ್ಟಿದರೆ ಮೂತಿ ನೆಲ ನೋಡುತ್ತದೆ, ಹೊರೆಯೆಲ್ಲ ಮುಂದಕ್ಕೆ ಜಾರುತ್ತದೆ. ಅದಕ್ಕೆ ಮಿಸ್ತ್ರಿ ಒಂದರ ಕೆಳಗೊಂದು ತೂತು ಇರುವ ಪ್ಲೇಟು ಮಾಡಿ, ಕೊಂಡಿಯನ್ನು ಮೇಲೆ ಕೆಳಗೆ ಕೂಡಿಸುವ ಹಾಗೆ ಇಡುತ್ತಾನೆ. ಪಿನ್ನಿಗೂ ಬಳೆಗೂ ನಡುವೆ ಸಡಿಲು ಇರುವುದರಿಂದ ತೆರೆತೆರೆಯ ರಸ್ತೆಯಲ್ಲಿ ದಾರಿಯುದ್ದಕ್ಕೂ ಖಣಖಣ. ಹೊರದೇಶಗಳಲ್ಲಿ ಸಣ್ಣ ಗಾಡಿಗಳಿಗೆ 50 ಮಿಲಿಮೀಟರಿನ ಉಕ್ಕಿನ ಗುಂಡು, ಮೇಲೆ ಅದನ್ನು ಕಚ್ಚಿ ಹಿಡಿಯುವ ಬಟ್ಟಲು. ಗುಂಡು ಎತ್ತ ಬೇಕಾದರೂ ಹೊರಳುತ್ತದೆ, ಬಡಿಯುವುದಿಲ್ಲ.

ಹೊರೆ ಹೇರುವ ಮಾತು ಬಂದಾಗ ಮಿಸ್ತ್ರಿ ಹುಡುಗನಿಗೆ ಚಕ್ಕಡಿಯ ನೆನಪು ಮಾಡಿಕೊಡುತ್ತಾನೆ. ಚಕ್ಕಡಿ ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ, ತೀರ ಮುಂಭಾರವಾದರೆ ಹೆಗಲು ಬಾಯುತ್ತದೆ. ಟ್ರೇಲರೂ ಹಾಗೇ. ಒಟ್ಟು ಭಾರದ ಹತ್ತರಲ್ಲೊಂದು ಪಾಲು ಕೊಂಡಿಯ ಮೇಲೆ ಕೂರಬೇಕು. ಮುನ್ನೂರು ಕಿಲೋದ ಜನರೇಟರ್ ಗಾಡಿಯಾದರೆ ಮೂವತ್ತು ಕಿಲೋ. ಭಾರ ಹಿಂದಾದರೆ ವ್ಯಾನಿನ ಹಿಂದಿನ ಗಾಲಿಗಳು ಹಗುರಾಗಿ, ವೇಗ ಏರಿದಂತೆ ಟ್ರೇಲರು ಬಾಲ ಬೀಸತೊಡಗುತ್ತದೆ. ಓಮ್ನಿಯ ಮುಂದಿನ-ಹಿಂದಿನ ಗಾಲಿಗಳ ನಡುವಿನ ಅಂತರ 1,840 ಮಿಲಿಮೀಟರು ಮಾತ್ರ. ಅಷ್ಟು ಗಿಡ್ಡ ಗಾಡಿಯನ್ನು ಬಾಲ ಆಡಿಸುವುದು ಸುಲಭ.

“ಜಗ್ಗೂದು ಸರಳ ಐತಿ, ನಿಲ್ಲಸೂದು ತ್ರಾಸ,” ಎಂದು ಮಿಸ್ತ್ರಿ ಮುಗಿಸುತ್ತಾನೆ. ಸಣ್ಣ ಟ್ರೇಲರಿಗೆ ಬ್ರೇಕು ಇರುವುದಿಲ್ಲ. ಬ್ರೇಕು ಒತ್ತಿದಾಗ ವ್ಯಾನು ತನ್ನನ್ನೂ ನಿಲ್ಲಿಸಿಕೊಳ್ಳಬೇಕು, ಹಿಂದಿನಿಂದ ನೂಕುವುದನ್ನೂ ನಿಲ್ಲಿಸಬೇಕು. ಗಜೇಂದ್ರಗಡದ ಹತ್ತಿರದ ಕಾಲಕಾಲೇಶ್ವರನ ಗುಡ್ಡದ ಕಡೆಯ ಇಳುಕಲಿನಲ್ಲಿ ಆ ನೂಕು ಏನೆಂದು ಗೊತ್ತಾಗುತ್ತದೆ.

ಕಾನೂನು ಇನ್ನೂ ಬಿಗಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ತಯಾರಕರು ಕೊಟ್ಟ ಮೂಲ ಸ್ವರೂಪ ಕೆಡಿಸಬಾರದೆಂದು ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕನಿಗೆ ಒಂದೊಂದು ಬದಲಾವಣೆಗೆ ಐದು ಸಾವಿರ ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಜೈಲು, ಇಲ್ಲವೆ ಎರಡೂ ಎಂದು ಬಂತು. ಟ್ರೇಲರು ಕಾಯ್ದೆಯ ಕಣ್ಣಿಗೆ ಬೇರೆಯೇ ಒಂದು ವಾಹನ. ಟ್ರ್ಯಾಕ್ಟರಿಗೊಂದು ನಂಬರು, ಟ್ರೇಲರಿಗೊಂದು ನಂಬರು ಎಂದು ರೈತರು ಬರೆಸುವುದು ಇದಕ್ಕೇ. ಅಪಘಾತವಾದ ದಿನ ವಿಮೆಯವರು ಮೊದಲು ನೋಡುವುದೂ ಈ ಕಾಗದವನ್ನೇ.

ಹಾಗಾಗಿ ನನ್ನನ್ನು ಕೇಳಿದರೆ ವ್ಯಾನಿಗೆ ಕೊಂಡಿ ಬೇಡ. ಮಿಸ್ತ್ರಿಯ ಕೈಚಳಕಕ್ಕೆ ಕೈ ಮುಗಿಯುತ್ತಲೇ ಈ ಮಾತು ಹೇಳುತ್ತೇನೆ. ಸಾಮಾನು ಸಾಗಿಸಲು 2005ರಲ್ಲೇ ಟಾಟಾ ಏಸ್ ಬಂದಿದೆ. ಎರಡು ಸಿಲಿಂಡರಿನ ಡೀಸೆಲ್ ಎಂಜಿನ್ನು, ಮುಕ್ಕಾಲು ಟನ್ನು ಹೊರುತ್ತದೆ, ಓಣಿಯಲ್ಲೂ ತಿರುಗುತ್ತದೆ. ದಿನದ ಬಾಡಿಗೆಗೆ ಸಿಗುತ್ತದೆ. ಜನರೇಟರಿಗೆ ಅದು, ಜನರಿಗೆ ವ್ಯಾನು ಎಂದು ಹಂಚಿಕೊಂಡರೆ ಮುಗಿಯಿತು. ವ್ಯಾನು ಉಪಯೋಗಕ್ಕೆ ಬರುವುದು ಅದು ಸಣ್ಣದಿರುವುದರಿಂದ. ಬಾಲ ಕಟ್ಟಿದರೆ ಆ ಗುಣವೇ ಹೋಯಿತು.

ಜಗ್ಗುವುದೆಂದರೆ ಏನೆಂದು ನೋಡಬೇಕಾದರೆ ಗಜೇಂದ್ರಗಡದ ರಸ್ತೆಯಲ್ಲಿ ಗಾಳಿಯಂತ್ರದ ರೆಕ್ಕೆ ಬರುವಾಗ ನೋಡಬೇಕು. ಊರಿನ ಕೋಟೆಯ ಸುತ್ತಲಿನ ಗುಡ್ಡಸಾಲುಗಳ ಮೇಲೆ ಈಗ ಗಾಳಿಯಂತ್ರಗಳ ಸಾಲು. ನಲವತ್ತು ಐವತ್ತು ಮೀಟರು ಉದ್ದದ ಒಂದೊಂದು ರೆಕ್ಕೆ ಒಂದೊಂದು ಟ್ರೇಲರಿನ ಮೇಲೆ ಬರುತ್ತದೆ. ತಿರುವಿನಲ್ಲಿ ಗಂಟೆಗಟ್ಟಲೆ ನಿಲ್ಲುತ್ತದೆ. ಒಬ್ಬ ಕೋಲಿನಿಂದ ವಿದ್ಯುತ್ ತಂತಿ ಎತ್ತುತ್ತಾನೆ, ಚಹಾದಂಗಡಿಯವನು ತಗಡಿನ ಚಪ್ಪರ ಮಡಚಿಕೊಳ್ಳುತ್ತಾನೆ, ಶಾಲೆ ಬಿಟ್ಟ ಮಕ್ಕಳು ಮನೆಗೆ ಹೋಗುವುದಿಲ್ಲ. ಸಾಮಾನ್ಯ ದೊಡ್ಡ ಟ್ರೇಲರುಗಳನ್ನು ಎಳೆಯುವ ಲಾರಿಗೂ ಟ್ರೇಲರಿಗೂ ನಡುವಿನ ಕಿಂಗ್‌ಪಿನ್ನಿನ ದಪ್ಪ ಎರಡೇ ಇಂಚು. ಅಂದರೆ ಸಣ್ಣ ಗಾಡಿಯ ಆ ಗುಂಡಿನ ಅಳತೆಯೇ ಹೆಚ್ಚುಕಡಿಮೆ! ವ್ಯತ್ಯಾಸವೆಲ್ಲ ಇರುವುದು ಉಕ್ಕಿನಲ್ಲಿ, ಅದು ಕೂರುವ ಚಾಸಿಯಲ್ಲಿ, ಟ್ರೇಲರಿಗೇ ಇರುವ ಬ್ರೇಕಿನಲ್ಲಿ.

ವರ್ಷದಲ್ಲಿ ಕೆಲವು ದಿನ ಇಲ್ಲಿಯ ಗಾಡಿಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡುತ್ತವೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ. ಟ್ರೇಲರಿನ ಮೇಲೆ ಬಿದಿರು ಬಗ್ಗಿಸಿ, ತಾಡಪತ್ರಿ ಹೊದಿಸಿ, ಒಳಗೆ ಹುಲ್ಲು ಹಾಸಿ, ಮನೆಮಂದಿಯೆಲ್ಲ ಕೂತು ಹೊರಡುತ್ತಾರೆ. ಖಡಕ್ ರೊಟ್ಟಿಯ ಗಂಟು, ಶೇಂಗಾ ಹಿಂಡಿ, ಕಡುಬಿನ ಬುಟ್ಟಿ. ವಯಸ್ಸಾದವರು, ಬಾಣಂತಿಯರು ವ್ಯಾನಿನಲ್ಲಿ. ಉಧೋ ಉಧೋ ಎನ್ನುತ್ತ ರಾತ್ರಿಯೆಲ್ಲ ರಸ್ತೆ ಎಚ್ಚರವಾಗಿರುತ್ತದೆ. ಜುಲೈ 21ಕ್ಕೆ ಮತ್ತೆ ಇದೇ ಗಾಡಿಗಳು ನರಗುಂದದ ವೀರಗಲ್ಲಿನ ಕಡೆಗೆ. 1980ರ ಆ ದಿನ ಮಲಪ್ರಭೆಯ ನೀರಿನ ಕರದ ವಿರುದ್ಧ ಎದ್ದ ರೈತರನ್ನು ನೆನೆಯಲು ಹಸಿರು ಟವೆಲ್ಲಿನವರು ಬರುತ್ತಾರೆ. ಅದೇ ಮಲಪ್ರಭೆ 2019ರ ಆಗಸ್ಟಿನಲ್ಲಿ ಉಕ್ಕಿ ಕೊಣ್ಣೂರು, ಲಖಮಾಪುರ, ಹೊಳೆಆಲೂರುಗಳಿಗೆ ನುಗ್ಗಿದಾಗ ವ್ಯಾನು ಕೆಲಸಕ್ಕೆ ಬರಲಿಲ್ಲ. ಅಂಥ ನೀರಿನಲ್ಲಿ ನಡೆಯುವುದು ದೊಡ್ಡ ಗಾಲಿಯ ಟ್ರ್ಯಾಕ್ಟರು, ಅದರ ಹಿಂದಿನ ಟ್ರೇಲರು ಮಾತ್ರ.

ಟ್ರೇಲರು ಕಟ್ಟುವವರಿಗೆ ಒಂದು ಕೇಳಿಕೆ ಇದೆ. ಪಿನ್ನು ಇಳಿಸಿದ ಮೇಲೆ ಅದರ ತುದಿಗೆ ಕ್ಲಿಪ್ಪು ಹಾಕಿ. ತಂತಿ ಸುತ್ತಿ, ಮೊಳೆ ತುರುಕಿ ಹೊರಡಬೇಡಿ. ಪಿನ್ನು ಜಿಗಿದರೂ ಟ್ರೇಲರು ಬೇರೆಯಾಗದ ಹಾಗೆ ಒಂದು ಸರಪಳಿ ಬಿಗಿಯಿರಿ. ಹಿಂದಿನ ಹಲಗೆಗೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಿ, ಮಣ್ಣು ಮೆತ್ತಿದ್ದರೆ ಸಂಜೆ ಹೊರಡುವ ಮುಂಚೆ ಒರೆಸಿ. ದೀಪವಿಲ್ಲದೆ ರಸ್ತೆಯ ಮಗ್ಗುಲಿಗೆ ನಿಲ್ಲಿಸಿದ ಟ್ರೇಲರು ಕತ್ತಲಲ್ಲಿ ಹಿಂದಿನಿಂದ ಬರುವ ವ್ಯಾನಿನ ಡ್ರೈವರಿಗೆ ಕಾಣುವುದಿಲ್ಲ, ಮತ್ತು ಅವನ ಮೊಣಕಾಲಿನ ಮುಂದೆ ಇರುವುದು ಒಂದೇ ತಗಡು.