ಇಲಿಯ ಡಿಎನ್‌ಎ ನಮಗಿಂತ ಬೇಗ ಯಾಕೆ ಬದಲಾಗುತ್ತೆ?

ಕೋಲ್ಕತ್ತಾದಲ್ಲಿ ಕೆಲಸ ಮಾಡೋರಿಗೆ ಬಿಬಿಡಿ ಬಾಗ್ ಗೊತ್ತಿರುತ್ತೆ. ಅಲ್ಲಿನ ರೈಟರ್ಸ್ ಬಿಲ್ಡಿಂಗ್‌ಗೆ ಹೆಸರು ಬಂದಿದ್ದು ಸಾಹಿತಿಗಳಿಂದಲ್ಲ, ಈಸ್ಟ್ ಇಂಡಿಯಾ ಕಂಪನಿಯ ಗುಮಾಸ್ತರಿಂದ. ಕಡತ ನಕಲು ಮಾಡುವಾಗ ಒಂದೆರಡು ಅಕ್ಷರ ತಪ್ಪಿತು ಅಂತಿಟ್ಕೊಳ್ಳಿ. ನಕಲಿನ ನಕಲು ಹೆಚ್ಚಿದಷ್ಟೂ ತಪ್ಪು ಸೇರ್ತಾ ಹೋಗುತ್ತೆ. ಡಿಎನ್‌ಎ ಕಥೆಯೂ ಇದೇ.

ಅಲ್ಲಿಂದ ನಡೆದು ಹೋಗುವಷ್ಟು ದೂರದ ಕರ್ಜನ್ ಪಾರ್ಕ್ ಇಲಿಗಳಿಗೇ ಹೆಸರುವಾಸಿ. 2004ರಲ್ಲಿ ರ‍್ಯಾಟ್ ಜೀನೋಮ್ ಪ್ರಕಟವಾದಾಗ ಒಂದು ವಿಷಯ ಎದ್ದು ಕಾಣಿಸಿತು. ನಮ್ಮಿಬ್ಬರ ಸಾಮಾನ್ಯ ಪೂರ್ವಜರ ಕಾಲದಿಂದ ಲೆಕ್ಕ ಹಾಕಿದರೆ, ಲಾಭವೂ ನಷ್ಟವೂ ಇಲ್ಲದ ಡಿಎನ್‌ಎ ಭಾಗಗಳಲ್ಲಿ ಇಲಿಗಳ ಕವಲು ನಮಗಿಂತ ಸುಮಾರು 3 ಪಟ್ಟು ಬದಲಾಗಿದೆ.

ಹಾಗಂತ ಇಲಿಯ ನಕಲು ಕಳಪೆ ಅನ್ಕೋಬೇಡಿ. ಒಂದು ತಲೆಮಾರಿಗೆ ನೋಡಿದರೆ ತಪ್ಪು ನಮ್ಮಲ್ಲೇ ಜಾಸ್ತಿ: ಪ್ರತಿ ಮಗುವಿನಲ್ಲಿ ಸುಮಾರು 60-70 ಹೊಸ ಬದಲಾವಣೆ. ಆದರೆ ನಮ್ಮ ರಿಲೀಸ್ 25-30 ವರ್ಷಕ್ಕೊಂದು. ಇಲಿ ಕೆಲವೇ ತಿಂಗಳಿಗೆ ಮರಿ ಹಾಕಲು ಸಿದ್ಧ, ಬಸಿರು ಬರೀ 3 ವಾರ. ತಿಮಿಂಗಿಲಗಳದ್ದೂ ನಮ್ಮ ಹಾಗೇ ನಿಧಾನ.

ಎಲ್ಲರಿಗೂ ಒಂದೇ ಗಡಿಯಾರ ಇಟ್ಟರೆ ಎಡವಟ್ಟು. ಮೌಸ್ (ಟೇಬಲ್ ಮೇಲಿನದ್ದಲ್ಲ!) ಮತ್ತು ರ‍್ಯಾಟ್ ಬೇರೆಯಾಗಿ ಸುಮಾರು 4 ಕೋಟಿ ವರ್ಷ ಅಂತ ಡಿಎನ್‌ಎ ಲೆಕ್ಕವೊಂದು ಹೇಳಿತ್ತು. ಪಳೆಯುಳಿಕೆಗಳು ಹೇಳೋದು ಸುಮಾರು 1.2 ಕೋಟಿ.