ಗುಜರಿಗೆ ಬಂದ ಕೋಬಾಲ್ಟ್

2010ರ ಏಪ್ರಿಲ್‌ನಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಯಲ್ಲಿ ಕೆಲವರ ಚರ್ಮ ಕಪ್ಪಿಟ್ಟು ಕೂದಲು ಉದುರತೊಡಗಿತು, ಒಬ್ಬರು ತೀರಿಕೊಂಡರು. ಕಾರಣ ವಿಕಿರಣ ಸೂಸುವ ಲೋಹ ಕೋಬಾಲ್ಟ್-60. ಅದೇನೂ ಕಳ್ಳಮಾಲಲ್ಲ. ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗ ಕೆನಡಾದಿಂದ ತರಿಸಿ, 1985ರಿಂದೀಚೆಗೆ ಬಳಸದೆ ಬಿಟ್ಟಿದ್ದ ಗಾಮಾ ಯಂತ್ರದೊಳಗೆ ಅದಿತ್ತು; ಯಂತ್ರ ಫೆಬ್ರುವರಿಯಲ್ಲಿ ವಿಧಿವತ್ತಾಗಿ ಹರಾಜಾಗಿತ್ತು. ಕೋಬಾಲ್ಟ್-60ರ ಬಲ ಪ್ರತಿ 5.27 ವರ್ಷಕ್ಕೆ ಅರ್ಧಕ್ಕಿಳಿಯುತ್ತದೆ. 25 ವರ್ಷದಲ್ಲಿ ಹೆಚ್ಚುಕಡಿಮೆ ಇಪ್ಪತ್ತೈದರಲ್ಲಿ ಒಂದು ಪಾಲಷ್ಟೇ ಉಳಿದಿತ್ತು, ಅಷ್ಟೇ ಸಾಕಾಯಿತು. ಚೂರುಗಳನ್ನು ಹುಡುಕಿ ತೆಗೆದ ಅಣುಶಕ್ತಿ ತಜ್ಞರು ಅವನ್ನು ನರೋರಾ ಸ್ಥಾವರಕ್ಕೆ ಸಾಗಿಸಿದರು.

ಇಂಥ ಅವಘಡಗಳಲ್ಲಿ ಗುಜರಿಯವರ ಅಜ್ಞಾನವನ್ನು ದೂರುವುದು ರೂಢಿ. ಆದರೆ ಅಪಾಯ ಬೆಳೆದದ್ದು ಅವರ ಅಂಗಡಿಯಲ್ಲಲ್ಲ, ಬಳಕೆಯಿಲ್ಲದ ಖಾಲಿ ವರ್ಷಗಳಲ್ಲಿ. ಮೆಕ್ಸಿಕೋದ ಸಿಯುದಾದ್ ಹುವಾರೆಸ್‌ನಲ್ಲಿ 1977ರಲ್ಲಿ ಕೊಂಡ ಕ್ಯಾನ್ಸರ್ ಚಿಕಿತ್ಸಾ ಯಂತ್ರ ಉಗ್ರಾಣದಲ್ಲೇ ಕೂತು, 1983ರಲ್ಲಿ ಗುಜರಿ ಸೇರಿ, ಕರಗಿ ಕಟ್ಟಡದ ಕಂಬಿಯಾಯಿತು. ಕಂಬಿ ಹೊತ್ತ ಲಾರಿ ಅಮೆರಿಕದ ಲಾಸ್ ಅಲಾಮೋಸ್ ಸಂಶೋಧನಾಲಯದ ಬಳಿ ಹಾಯ್ದಾಗ ಅಲ್ಲಿನ ವಿಕಿರಣ ಶೋಧಕ ಕೂಗಿದ್ದರಿಂದ ವಿಷಯ ಹೊರಬಿತ್ತು, ಅದೂ ಆಕಸ್ಮಿಕವಾಗಿ. ಬ್ರೆಜಿಲ್‌ನ ಗೊಯಾನಿಯಾದಲ್ಲಿ ಚಿಕಿತ್ಸಾಲಯ ಬೇರೆಡೆಗೆ ಹೋದಾಗ ಯಂತ್ರ ಪಾಳು ಕಟ್ಟಡದಲ್ಲೇ ಉಳಿಯಿತು; 1987ರಲ್ಲಿ ಅದನ್ನು ಬಿಚ್ಚಿದಾಗ ನಾಲ್ವರು ಸತ್ತರು.

ಹಾಗಾದರೆ ಬಂದರುಗಳಲ್ಲೂ ಗುಜರಿ ಯಾರ್ಡುಗಳಲ್ಲೂ ಶೋಧಕ ಇಟ್ಟರಾಯಿತಲ್ಲ? ಇಡಲೇಬೇಕು. ಆದರೆ ದಪ್ಪ ಸೀಸದ ಹೊದಿಕೆಯೊಳಗಿನ ವಸ್ತು ಶೋಧಕವನ್ನೂ ದಾಟಿಬಿಡಬಹುದು. ಹೊದಿಕೆ ಒಡೆದಮೇಲೆ ಅದು ಕೂಗಿದರೆ ಒಡೆದವರಿಗೇನು ಪ್ರಯೋಜನ? ಹಾಗಾಗಿ ಲೆಕ್ಕ ಕೊಳ್ಳುವ ದಿನದಿಂದಲೇ ಶುರುವಾಗಬೇಕು. ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ 2003ರ ಸಂಹಿತೆ ಪ್ರಬಲ ವಿಕಿರಣ ಮೂಲಗಳಿಗೆ ರಾಷ್ಟ್ರೀಯ ದಾಖಲೆ ಇರಲಿ ಎಂದಿತು. ಲಾಸ್ ಅಲಾಮೋಸ್ ಈಗ ಬೇಡವಾದ ಮೂಲಗಳನ್ನು ಮರಳಿ ಪಡೆಯುವ ಕಾರ್ಯಕ್ರಮವನ್ನೇ ನಡೆಸುತ್ತಿದೆ. ಭಾರತದಲ್ಲೂ ಆಯುಷ್ಯ ಮುಗಿದ ಮೂಲವನ್ನು ಪೂರೈಸಿದವರಿಗೆ ಮರಳಿಸಬೇಕು, ಇಲ್ಲವೇ ಅಧಿಕೃತ ವಿಲೇವಾರಿ ಕೇಂದ್ರಕ್ಕೆ ಒಪ್ಪಿಸಬೇಕು. ಮಾಯಾಪುರಿಯಲ್ಲಿ ಕೊರತೆಯಿದ್ದದ್ದು ನಿಯಮಕ್ಕಲ್ಲ. ಯಂತ್ರದ ಲೆಕ್ಕ ಇಟ್ಟುಕೊಂಡು ಕೂತವರೇ ಇರಲಿಲ್ಲ.

ಮರಳಿಸುವ ವೆಚ್ಚ ಸಣ್ಣ ಆಸ್ಪತ್ರೆಗೆ, ಕಾಲೇಜಿಗೆ ಭಾರ ಎಂಬ ಆಕ್ಷೇಪ ನಿಜವೇ. ಪೂರೈಸಿದ ಕಂಪನಿಯೇ ಮುಚ್ಚಿಹೋಗಿರಲೂಬಹುದು. ಅದಕ್ಕೇ ಆ ಹಣವನ್ನು ಖರೀದಿಯ ಹೊತ್ತಿನಲ್ಲೇ ಠೇವಣಿಯಾಗಿ ಪಡೆಯುವುದು ಲೇಸು. ಹೊಸ ಯಂತ್ರ ತರುವ ಉತ್ಸಾಹದಲ್ಲಿ ಬಿಚ್ಚುವ ಕೈ ಹಳೆಯದನ್ನು ಸಾಗಹಾಕಲು ಬಿಚ್ಚುವುದಿಲ್ಲ. ಭಾರದ ಮಾತಿಗೆ ಗೊಯಾನಿಯಾದ ಲೆಕ್ಕವೂ ಇದೆ: ಯಂತ್ರದೊಳಗಿದ್ದ ಸೀಸಿಯಂ ಲವಣ ನೂರು ಗ್ರಾಂ ಕೂಡ ಇರಲಿಲ್ಲ; ಮನೆಗಳನ್ನು ಕೆಡವಿ, ಮಣ್ಣು ಕೆರೆದು ಊರನ್ನು ಶುಚಿಗೊಳಿಸಿದಾಗ ಹೂಳಬೇಕಾಗಿ ಬಂದ ತ್ಯಾಜ್ಯ ಸುಮಾರು 3,500 ಘನ ಮೀಟರ್.